ಹದಿನಾಲ್ಕು ಜನರ ಬಾಕಿ ಕೂಲಿ: ಕಾನೂನು ವಿದ್ಯಾರ್ಥಿಗಳ ನೆರವು ಕೇಂದ್ರದ ಒಂದು ಪ್ರಕರಣ

ಬೆಂಗಳೂರಿನ ಒಂದು ಕಾನೂನು ಕಾಲೇಜಿನ ನೆರವು ಕೇಂದ್ರ ಕೆಲವು ವರ್ಷಗಳ ಹಿಂದೆ ಕೈಗೆತ್ತಿಕೊಂಡ ಪ್ರಕರಣವನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಆಗ ಆ ಕೇಂದ್ರದ ಹೊಣೆ ಹೊತ್ತ ಅಧ್ಯಾಪಕ ನಾನು. ಕಾರ್ಮಿಕರು, ಗುತ್ತಿಗೆದಾರ, ಕಂಪನಿ, ವಿದ್ಯಾರ್ಥಿಗಳು ಯಾರ ಹೆಸರನ್ನೂ ಹೇಳಿಲ್ಲ. ಗುರುತು ಸಿಗುವಂಥ ಊರು, ತಾರೀಕುಗಳನ್ನು ಬಿಟ್ಟಿದ್ದೇನೆ. ನಾವು ಎಲ್ಲಿ ಎಡವಿದೆವು ಎಂಬುದನ್ನು ಮಾತ್ರ ಮುಚ್ಚಿಟ್ಟಿಲ್ಲ. ಇಂಥದೇ ಕೇಂದ್ರಗಳಲ್ಲಿ ಈಗ ಕೆಲಸ ಮಾಡುತ್ತಿರುವವರಿಗೆ ಉಪಯೋಗಕ್ಕೆ ಬರುವುದು ಹೆಚ್ಚಾಗಿ ಅದೇ.

ಹಿನ್ನೆಲೆ

ನಗರದ ಹೊರವಲಯದಲ್ಲಿ ಏಳುತ್ತಿದ್ದ ಬಹುಮಹಡಿ ವಸತಿ ಕಟ್ಟಡವೊಂದರಲ್ಲಿ ಕಬ್ಬಿಣ ಕಟ್ಟುವ ಕೆಲಸಕ್ಕೆ ಹದಿನಾಲ್ಕು ಜನರ ಒಂದು ತಂಡವಿತ್ತು. ಒಂಬತ್ತು ಮಂದಿ ಪಶ್ಚಿಮ ಒಡಿಶಾದವರು, ಐದು ಮಂದಿ ರಾಯಚೂರು ಜಿಲ್ಲೆಯವರು. ಕಟ್ಟಡ ಕಂಪನಿಯದು, ಕಬ್ಬಿಣದ ಕೆಲಸ ಒಬ್ಬ ಗುತ್ತಿಗೆದಾರನದು, ಅವನ ಕೈಕೆಳಗೆ ಒಬ್ಬ ಮೇಸ್ತ್ರಿ, ಮೇಸ್ತ್ರಿಯ ಕೈಕೆಳಗೆ ಇವರು. ಕಬ್ಬಿಣ ಕಟ್ಟುವವರಿಗೆ ದಿನಕ್ಕೆ 750 ರೂಪಾಯಿ, ಹೆಲ್ಪರುಗಳಿಗೆ 550 ಎಂದು ಬಾಯಿಮಾತಿನ ಒಪ್ಪಂದವಾಗಿತ್ತು. ಪ್ರತಿ ಭಾನುವಾರ ಊಟದ ಖರ್ಚಿಗೆಂದು ಒಂದಿಷ್ಟು ಹಣ ಕೈಗೆ ಬರುತ್ತಿತ್ತು. ಸೈಟುಗಳಲ್ಲಿ ಇದನ್ನು 'ಖರ್ಚಿ' ಎನ್ನುತ್ತಾರೆ. ಉಳಿದದ್ದು ತಿಂಗಳ ಲೆಕ್ಕಕ್ಕೆ. ಮೊದಲ ಎರಡು ತಿಂಗಳು ಲೆಕ್ಕ ಸರಿಯಾಗಿ ಆಯಿತು. ಮುಂದಿನ ಮೂರು ತಿಂಗಳು ಖರ್ಚಿ ಬಿಟ್ಟರೆ ಏನೂ ಬರಲಿಲ್ಲ. ಕಂಪನಿ ಬಿಲ್ ಪಾಸ್ ಮಾಡಿಲ್ಲ ಎಂದು ಗುತ್ತಿಗೆದಾರ, ಬಿಲ್ ಯಾವತ್ತೋ ಕೊಟ್ಟಾಗಿದೆ ಎಂದು ಕಂಪನಿ.

ನಮ್ಮ ಎರಡನೇ ವರ್ಷದ ವಿದ್ಯಾರ್ಥಿನಿಯೊಬ್ಬಳು ಅದೇ ಶೆಡ್ಡಿನ ಮಕ್ಕಳಿಗೆ ಭಾನುವಾರ ಪಾಠ ಹೇಳಲು ಹೋಗುತ್ತಿದ್ದಳು. ವಿಷಯ ಕೇಂದ್ರಕ್ಕೆ ಬಂದದ್ದು ಅವಳ ಮೂಲಕ.

ಇಂಥ ಕೇಂದ್ರಗಳ ಕೈ ಎಷ್ಟು ಉದ್ದ ಎಂಬುದನ್ನು ಮೊದಲೇ ಹೇಳಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಕಾನೂನು ಕಾಲೇಜುಗಳಲ್ಲಿ ನೆರವು ಕೇಂದ್ರಗಳಿರಬೇಕೆಂದು ಬಯಸುತ್ತದೆ; 2011ರ ವಿನಿಯಮಗಳು ಅವುಗಳಿಗೆ ರೂಪ ಕೊಟ್ಟಿವೆ. ಆದರೆ 1961ರ ವಕೀಲರ ಕಾಯ್ದೆಯ ಪ್ರಕಾರ ವಿದ್ಯಾರ್ಥಿ ವಕೀಲನಲ್ಲ, ಆತ ಯಾರ ಪರವಾಗಿಯೂ ಹಕ್ಕಿನಿಂದ ವಾದಿಸುವಂತಿಲ್ಲ. ಪೂರ್ಣಾವಧಿ ಸಂಬಳ ಪಡೆಯುವ ಅಧ್ಯಾಪಕರೂ ವಕೀಲಿಕೆ ಮಾಡುವಂತಿಲ್ಲ. ಹಾಗಾಗಿ ಕೇಂದ್ರದಲ್ಲಿ ಕಾನೂನು ಬಲ್ಲವರು ಇಪ್ಪತ್ತು ಜನರಿದ್ದರೂ ವಕಾಲತ್ತಿಗೆ ಸಹಿ ಹಾಕಬಲ್ಲವರು ಒಬ್ಬರೂ ಇರುವುದಿಲ್ಲ. ನಮಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಪ್ಯಾನೆಲ್ ವಕೀಲರೊಬ್ಬರ, ಅಂದರೆ ಉಚಿತ ನೆರವಿಗೆಂದು ಅದರ ಪಟ್ಟಿಯಲ್ಲಿದ್ದ ವಕೀಲರೊಬ್ಬರ, ಸಹಾಯವಿತ್ತು. ಅವರ ಕೈಯಲ್ಲಿ ಇಂಥ ನೂರಾರು ಕಡತಗಳಿದ್ದವು.

ಮೊದಲ ಭೇಟಿ, ಮೊದಲ ತಪ್ಪು

ಮೊದಲ ಭೇಟಿಗೆ ಮೂವರು ವಿದ್ಯಾರ್ಥಿಗಳು ಹೋದರು. ಒಡಿಶಾದವರ ಹಿಂದಿ ಕೆಲಸದ ಮಟ್ಟಿಗಷ್ಟೇ. ಸೈಟಿನಲ್ಲೇ ಸಿಕ್ಕ ಒಬ್ಬ ಹುಡುಗ ಅವರ ಮಾತನ್ನು ಹಿಂದಿಗೆ ತಿರುಗಿಸಿ ಹೇಳಿದ, ಇವರು ಬರೆದುಕೊಂಡರು. ಎಲ್ಲರ ಹೇಳಿಕೆಯೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿತ್ತು: ಮೇಸ್ತ್ರಿಯದು ಏನೂ ತಪ್ಪಿಲ್ಲ, ಬಾಕಿ ಸ್ವಲ್ಪವೇ ಇದೆ. ಆ ಹುಡುಗ ಮೇಸ್ತ್ರಿಯ ಅಕ್ಕನ ಮಗ ಎಂದು ತಿಳಿದದ್ದು ವಾರದ ನಂತರ. ನಮ್ಮ ಹಾಸ್ಟೆಲಿನ ಅಡುಗೆಮನೆಯಲ್ಲಿ ಅದೇ ಸೀಮೆಯ ಯುವಕನೊಬ್ಬ ಕೆಲಸ ಮಾಡುತ್ತಿದ್ದ; ಎರಡನೇ ಸಲ ಅವನನ್ನು ಕರೆದುಕೊಂಡು ಹೋದಾಗ, ಅವರದೇ ಸಂಬಲ್‌ಪುರಿ ಮಾತಿನಲ್ಲಿ, ಪೂರ್ತಿ ಮೂರು ತಿಂಗಳ ಕಥೆ ಹೊರಗೆ ಬಂತು.

ಆ ಕಥೆ ಕೇಳಿ ನಮಗೆಲ್ಲ ರಕ್ತ ಕುದಿಯಿತು. ಎರಡೇ ದಿನದಲ್ಲಿ ನಾಲ್ಕು ಪುಟಗಳ ನೋಟಿಸ್ ಸಿದ್ಧವಾಯಿತು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕು ಎನ್ನುವ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯ 21(4)ನೇ ಕಲಮು, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ ಎಂದ 1982ರ ಏಷ್ಯನ್ ಕ್ರೀಡಾಕೂಟದ ಕಾರ್ಮಿಕರ ಪ್ರಕರಣದ ತೀರ್ಪು, ಎಲ್ಲವೂ ಅದರಲ್ಲಿದ್ದವು. ಕರಡನ್ನು ತಿದ್ದಿದವನು ನಾನು. ಪ್ಯಾನೆಲ್ ವಕೀಲರ ಸಹಿಯೊಂದಿಗೆ ಅದು ಕಂಪನಿಗೂ ಗುತ್ತಿಗೆದಾರನಿಗೂ ರಿಜಿಸ್ಟರ್ಡ್ ಅಂಚೆಯಲ್ಲಿ ಹೋಯಿತು.

ನೋಟಿಸ್ ತಲುಪಿದ ಮರುದಿನ ಶೆಡ್ಡಿನ ಕರೆಂಟು ಹೋಯಿತು. ಅದರ ಮರುದಿನ ನೀರಿನ ಟ್ಯಾಂಕರ್ ಬರಲಿಲ್ಲ. ತಗಡಿನ ಆ ಶೆಡ್ಡು ಗುತ್ತಿಗೆದಾರ ಹಾಕಿಸಿದ್ದು; ಯಾರಿಂದ ಹಣ ಬರಬೇಕಿತ್ತೋ ಅವನ ಸೂರಿನ ಕೆಳಗೇ ಇವರು ಮಲಗುತ್ತಿದ್ದರು. ಎರಡು ಭೇಟಿಯಲ್ಲಿ ಕೂಲಿಯ ಬಗ್ಗೆ ಮೂವತ್ತು ಪ್ರಶ್ನೆ ಕೇಳಿದ್ದ ನಾವು ಅವರು ಇರುವ ಜಾಗ ಯಾರದು ಎಂದು ಕೇಳಿರಲಿಲ್ಲ. ಮೂರನೇ ರಾತ್ರಿ ಒಡಿಶಾದ ಮೂವರು ಯಾರಿಗೂ ಹೇಳದೆ ರೈಲು ಹತ್ತಿದರು. ಪ್ಯಾನೆಲ್ ವಕೀಲರು ಕಾರ್ಮಿಕ ಇಲಾಖೆಯ ನಿರೀಕ್ಷಕರೊಂದಿಗೆ ಮಾತಾಡಿದ ಮೇಲೆ ಕರೆಂಟು, ನೀರು ಮರಳಿ ಬಂದವು. ಹೋದವರು ಮರಳಲಿಲ್ಲ. ಅವರಲ್ಲಿ ಇಬ್ಬರ ಹೆಬ್ಬೆಟ್ಟಿನ ಒಪ್ಪಿಗೆ ಪತ್ರಗಳು ತಿಂಗಳುಗಳ ನಂತರ ಅಂಚೆಯಲ್ಲಿ ಬಂದವು. ಮೂರನೆಯವನನ್ನು ತಲುಪಲು ನಮ್ಮಿಂದ ಆಗಲೇ ಇಲ್ಲ.

ಈ ಘಟನೆಯ ನಂತರ ಕೇಂದ್ರದಲ್ಲಿ ಒಂದು ಪದ್ಧತಿ ಬಂತು. ಯಾವುದೇ ಕಾಗದ ಹೊರಗೆ ಹೋಗುವ ಮುಂಚೆ, ಅದು ತಲುಪಿದ ದಿನ ಏನೇನು ಆಗಬಹುದು ಎಂದು ಕಕ್ಷಿದಾರರ ಜತೆ ಕುಳಿತು ಮಾತಾಡಬೇಕು. ಮಲಗುವ ಜಾಗ, ಆಧಾರ್ ಕಾರ್ಡು ಯಾರ ಕೈಯಲ್ಲಿದೆ, ಮುಂಗಡ ಸಾಲವಿದೆಯೇ, ಊರಿನಲ್ಲಿ ಮೇಸ್ತ್ರಿಯ ಮನೆಗೂ ಇವರ ಮನೆಗೂ ಏನು ಸಂಬಂಧ ಎಂಬುದನ್ನೆಲ್ಲ ಕೇಳಿ ಬರೆದುಕೊಳ್ಳಬೇಕು.

ಯಾರ ಮೇಲೆ, ಯಾವ ಕಾಯ್ದೆಯಡಿ

ಕೊನೆಯ ಪ್ರಶ್ನೆ ಆಗಲೇ ಉಪಯೋಗಕ್ಕೆ ಬಂತು. ಮೇಸ್ತ್ರಿಯನ್ನು ಮೊದಲ ಎದುರುದಾರನನ್ನಾಗಿ ಮಾಡಬೇಕೆಂದು ವಿದ್ಯಾರ್ಥಿಗಳ ಪಟ್ಟು. ಕಾರ್ಮಿಕರು ಸುತರಾಂ ಒಪ್ಪಲಿಲ್ಲ. ಆತ ಅವರ ಪಕ್ಕದ ಊರಿನವನು, ಇಬ್ಬರಿಗೆ ನೆಂಟ, ಮುಂದಿನ ವರ್ಷ ಮತ್ತೆ ಕೆಲಸಕ್ಕೆ ಕರೆದೊಯ್ಯುವವನೂ ಅವನೇ. ಅವನಿಗೂ ಗುತ್ತಿಗೆದಾರನಿಂದ ಹಣ ಬಂದಿರಲಿಲ್ಲ. ವಿದ್ಯಾರ್ಥಿಗಳಿಗೆ ಇದು ಹೆದರಿಕೆಯಂತೆ ಕಂಡಿತು. ನನಗೂ ಹಾಗೇ ಅನ್ನಿಸಿತ್ತು. ಆದರೂ ಅವರ ಮಾತಿಗೆ ತಲೆಬಾಗಿ ಗುತ್ತಿಗೆದಾರ ಮತ್ತು ಕಂಪನಿ ಇಬ್ಬರನ್ನೇ ಎದುರುದಾರರನ್ನಾಗಿ ಮಾಡಿದೆವು. ಈ ನಿರ್ಧಾರದ ಬೆಲೆ ಏನೆಂದು ಮುಂದೆ ಗೊತ್ತಾಯಿತು.

ಕಾಯ್ದೆಯ ಆಯ್ಕೆ ಸುಲಭವಿರಲಿಲ್ಲ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯಲ್ಲಿ ಫೋಟೋ ಅಂಟಿಸಿದ ಪಾಸ್‌ಬುಕ್, ಸ್ಥಳಾಂತರ ಭತ್ಯೆ, ಪ್ರಯಾಣ ಭತ್ಯೆ ಎಲ್ಲವೂ ಇದ್ದವು, ಆದರೆ ಅದು ರಾಜ್ಯದ ಗಡಿ ದಾಟಿ ಬಂದವರಿಗೆ ಮಾತ್ರ. ಬೆಂಗಳೂರಿನಿಂದ ನಲವತ್ತು ಕಿಲೋಮೀಟರಿನ ಹೊಸೂರಿನವನು ಆ ಕಾಯ್ದೆಯ ಲೆಕ್ಕಕ್ಕೆ ವಲಸಿಗನಾಗಬಹುದಿತ್ತು, ನಾನೂರು ಕಿಲೋಮೀಟರು ದೂರದ ರಾಯಚೂರಿನಿಂದ ಕೂಸು ಕುನ್ನಿ ಕಟ್ಟಿಕೊಂಡು ಬಂದವನು ಆಗುತ್ತಿರಲಿಲ್ಲ. ಒಂದೇ ಶೆಡ್ಡಿನಲ್ಲಿ ಒಂದೇ ಗಂಜಿ ಕುಡಿಯುವ ತಂಡವನ್ನು ಹೀಗೆ ಎರಡು ಮಾಡಲು ನಮಗೆ ಮನಸ್ಸಿರಲಿಲ್ಲ. ಕನಿಷ್ಠ ವೇತನ ಕಾಯ್ದೆಯಡಿ ಅರ್ಜಿ ಹಾಕಲು ಆರು ತಿಂಗಳ ಗಡುವು; ಅಲ್ಲದೆ ನಮ್ಮದು ಒಪ್ಪಿದ ಕೂಲಿಯೇ ಬಾರದ ಪ್ರಕರಣ. ಕೊನೆಗೆ 1936ರ ವೇತನ ಪಾವತಿ ಕಾಯ್ದೆಯನ್ನು ಆರಿಸಿಕೊಂಡೆವು. ಹನ್ನೆರಡು ತಿಂಗಳ ಗಡುವು, ಒಂದೇ ಅವಧಿಯ ಕೂಲಿ ಬಾಕಿ ಇರುವ ಗುಂಪಿಗೆ ಒಂದೇ ಅರ್ಜಿ ಸಾಕೆನ್ನುವ 16ನೇ ಕಲಮು, ಇವು ಒಂದು ಕಡೆ.

ಇನ್ನೊಂದು ಕಡೆ, ಆ ಕಾಯ್ದೆಯ 15(2)ನೇ ಕಲಮಿನಲ್ಲಿ ಯಾರು ಅರ್ಜಿ ಹಾಕಬಹುದು ಎಂಬ ಪಟ್ಟಿಯಿತ್ತು: ಕಾರ್ಮಿಕ, ವಕೀಲ, ಕಾರ್ಮಿಕ ಸಂಘದ ಪದಾಧಿಕಾರಿ, ನಿರೀಕ್ಷಕ, ಅದರ ಜತೆಗೆ ಅರ್ಜಿಯ ವಿಚಾರಣೆ ನಡೆಸುವ ವೇತನ ಪ್ರಾಧಿಕಾರಿಯ ಅನುಮತಿ ಪಡೆದ 'ಬೇರೆ ಯಾವುದೇ ವ್ಯಕ್ತಿ'. ಈ ಮೂರು ಪದಗಳನ್ನು ಕಂಡು ಹಿಡಿದವನು ಮೂರನೇ ವರ್ಷದ ಒಬ್ಬ ಹುಡುಗ. ಎಲ್ಲ ವಿಚಾರಣೆಗೂ ಬರಲು ಪ್ಯಾನೆಲ್ ವಕೀಲರಿಗೆ ಬಿಡುವಿರಲಿಲ್ಲ. ಇಬ್ಬರು ವಿದ್ಯಾರ್ಥಿಗಳಿಗೆ ಕಾರ್ಮಿಕರ ಪರ ಹಾಜರಾಗಲು ಅನುಮತಿ ಕೋರಿ ಅರ್ಜಿ ಹಾಕಿದೆವು. ಎದುರು ಪಕ್ಷದ ವಕೀಲರು ವಕೀಲರ ಕಾಯ್ದೆಯನ್ನು ಮುಂದಿಟ್ಟು ಆಕ್ಷೇಪಿಸಿದರು. ವಕೀಲರ ಮೇಲ್ವಿಚಾರಣೆ ಇರಬೇಕೆಂಬ ಷರತ್ತಿನ ಮೇಲೆ ಪ್ರಾಧಿಕಾರಿಗಳು ಅನುಮತಿ ಕೊಟ್ಟರು.

ಹಾಜರಿಯ ಪುರಾವೆ

ನಮ್ಮಲ್ಲಿದ್ದದ್ದು ಒಂದೇ ಒಂದು ನೋಟುಪುಸ್ತಕ. ಒಡಿಶಾದ ಒಬ್ಬರು ಇಟ್ಟುಕೊಂಡದ್ದು, ಇನ್ನೂರು ಪುಟದ್ದು, ಮೂಲೆಗಳಲ್ಲಿ ಸಿಮೆಂಟು ಹತ್ತಿ ಗಟ್ಟಿಯಾಗಿತ್ತು, ರಟ್ಟಿಗೆ ಕಬ್ಬಿಣ ಕಟ್ಟುವ ತಂತಿಯಿಂದಲೇ ಹೊಲಿಗೆ ಹಾಕಿದ್ದರು. ಒಬ್ಬೊಬ್ಬರಿಗೆ ಒಂದೊಂದು ಪುಟ. ಅಡ್ಡಗೀಟು, ಕತ್ತರಿ ಗುರುತು, ಕೆಲವು ಕಡೆ ಸುತ್ತ ವೃತ್ತ. ಅಡ್ಡಗೀಟು ಅರ್ಧ ದಿನ, ಕತ್ತರಿ ಪೂರ್ತಿ ದಿನ ಎಂದು ವಿದ್ಯಾರ್ಥಿಗಳು ಸರಿಯಾಗಿಯೇ ಊಹಿಸಿದರು. ವೃತ್ತವನ್ನು ಮಾತ್ರ ಗೈರುಹಾಜರಿ ಎಂದುಕೊಂಡು ಇಡೀ ಲೆಕ್ಕ ಹಾಕಿಬಿಟ್ಟರು. ಅರ್ಜಿ ಟೈಪಾಗುವ ಹಿಂದಿನ ದಿನ, ಪುಸ್ತಕದ ಒಡೆಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪುಟಪುಟವಾಗಿ ಓದಿಸಿದಾಗ ಅದು ರಾತ್ರಿ ಕಾಂಕ್ರೀಟು ಬಿದ್ದ ದಿನಗಳ ಗುರುತು, ಅಂದರೆ ಒಂದೂವರೆ ದಿನದ ಕೂಲಿ ಎಂದು ತಿಳಿಯಿತು. ಸೊನ್ನೆಯೆಂದು ಬಿಟ್ಟಿದ್ದ ದಿನಗಳೇ ಅವರು ಅತಿ ಹೆಚ್ಚು ದುಡಿದ ದಿನಗಳು. ಲೆಕ್ಕ ಹೊಸದಾಗಿ ಮಾಡಿದೆವು: ಹದಿನಾಲ್ಕು ಜನರಿಗೆ ಒಟ್ಟು 4,38,650 ರೂಪಾಯಿ ಬಾಕಿ.

ಕಂಪನಿಯ ಉತ್ತರ ಚಿಕ್ಕದಾಗಿತ್ತು. ಈ ಹೆಸರಿನವರು ನಮ್ಮಲ್ಲಿ ಕೆಲಸ ಮಾಡಿಲ್ಲ. ನೋಟುಪುಸ್ತಕ ಯಾರು ಬೇಕಾದರೂ ಬರೆಯಬಹುದು. ಗುತ್ತಿಗೆದಾರನ ಹಾಜರಿ ಪುಸ್ತಕದಲ್ಲಿ ಆರು ಹೆಸರಷ್ಟೇ ಇದ್ದವು.

ಇಲ್ಲಿ ಮೇಸ್ತ್ರಿ ಬಂದ. ತನ್ನ ಹೆಸರನ್ನು ಅರ್ಜಿಯಲ್ಲಿ ಎಳೆದಿಲ್ಲ ಎಂಬುದು ಅವನಿಗೆ ಊರಿನ ಕಡೆಯಿಂದ ತಿಳಿದಿತ್ತು. ಒಂದು ಸಂಜೆ ಕಾಲೇಜಿನ ಗೇಟಿನ ಹತ್ತಿರ ಬಂದು ಫೋನನ್ನು ವಿದ್ಯಾರ್ಥಿನಿಯ ಕೈಗೆ ಕೊಟ್ಟ. ದೊಡ್ಡ ಸೈಟುಗಳಲ್ಲಿ ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಸುರಕ್ಷತೆಯ ಅಧಿಕಾರಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹತ್ತು ನಿಮಿಷ ಎಚ್ಚರಿಕೆಯ ಮಾತು ಹೇಳುತ್ತಾರೆ. 'ಟೂಲ್‌ಬಾಕ್ಸ್ ಟಾಕ್' ಎಂದು ಅದರ ಹೆಸರು. ಬಂದವರ ಸಹಿ ಅಥವಾ ಹೆಬ್ಬೆಟ್ಟು ಒಂದು ರಿಜಿಸ್ಟರಿಗೆ, ಒಂದು ಫೋಟೋ ಸೈಟಿನ ವಾಟ್ಸ್ಆ್ಯಪ್ ಗುಂಪಿಗೆ. ಮೇಸ್ತ್ರಿಯ ಫೋನಿನಲ್ಲಿ ಆ ಮೂರು ತಿಂಗಳ ಫೋಟೋಗಳು ತಾರೀಕು ಸಮೇತ ಇದ್ದವು. ಹಳದಿ ಹೆಲ್ಮೆಟ್ಟಿನ ಸಾಲಿನಲ್ಲಿ ನಮ್ಮವರು ಒಬ್ಬೊಬ್ಬರಾಗಿ ಸಿಕ್ಕರು.

ಫೋಟೋಗಳಿಗಿಂತ ಹೆಚ್ಚಾಗಿ ರಿಜಿಸ್ಟರ್ ಎಂಬುದೊಂದು ಇದೆ ಎನ್ನುವ ತಿಳಿವಳಿಕೆಯೇ ನಮಗೆ ದಾರಿ ತೆರೆಯಿತು. ದಾಖಲೆ ತರಿಸುವ ವಿಷಯದಲ್ಲಿ ವೇತನ ಪ್ರಾಧಿಕಾರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವನ್ನು 18ನೇ ಕಲಮು ಕೊಟ್ಟಿತ್ತು. ಕಂಪನಿಯ ಸುರಕ್ಷತಾ ರಿಜಿಸ್ಟರನ್ನು ಹಾಜರುಪಡಿಸಲು ಆದೇಶ ಕೋರಿದೆವು. ಕೂಲಿಯ ಪುಸ್ತಕದಲ್ಲಿ ಇಲ್ಲದ ಹೆಸರುಗಳು ಸುರಕ್ಷತೆಯ ಪುಸ್ತಕದಲ್ಲಿ ಇದ್ದವು. ಅಪಘಾತವಾದರೆ ತಾನು ಎಚ್ಚರಿಕೆ ಹೇಳಿದ್ದೆ ಎಂದು ತೋರಿಸಲು ಕಂಪನಿ ಒಬ್ಬರನ್ನೂ ಬಿಡದೆ ಹೆಬ್ಬೆಟ್ಟು ಒತ್ತಿಸಿಕೊಂಡಿತ್ತು.

ಲೆಕ್ಕ ನಮ್ಮ ವಿರುದ್ಧವೂ ತಿರುಗಿತು. ಗುತ್ತಿಗೆದಾರ ಫೋನ್ ಮೂಲಕ ಕಳಿಸಿದ 28,200 ರೂಪಾಯಿಯ ದಾಖಲೆ ತೋರಿಸಿದ. ಅದು ಆರು ಜನರ ರೇಷನ್ನಿಗೆಂದು ಒಬ್ಬರ ಖಾತೆಗೆ ಬಂದ ಹಣ. ಖರ್ಚಿಯೆಂದರೆ ಕೈಗೆ ಬಂದ ನಗದು ಎಂದು ತಿಳಿದಿದ್ದ ಅವರು ಅದನ್ನು ಹೇಳಿರಲಿಲ್ಲ. ಸುಮ್ಮನಿದ್ದು ಬಿಡೋಣ, ಅವರೇ ಸಾಬೀತು ಮಾಡಲಿ ಎಂದು ಒಬ್ಬ ವಿದ್ಯಾರ್ಥಿ ವಾದಿಸಿದ. ಕಾರ್ಮಿಕರನ್ನು ಕೇಳಿದೆವು. ಬಂದದ್ದು ಬಂದಿದೆ, ಬರೆಯಿರಿ ಎಂದರು. ಮುಂದಿನ ವಿಚಾರಣೆಯಲ್ಲಿ ನಾವೇ ಆ ಮೊತ್ತ ಕಳೆದು ತಿದ್ದುಪಡಿ ಕೊಟ್ಟೆವು. ಆ ದಿನದಿಂದ ಪ್ರಾಧಿಕಾರಿಗಳು ನಮ್ಮ ನೋಟುಪುಸ್ತಕವನ್ನು ನೋಡುವ ರೀತಿ ಬೇರೆಯಾಯಿತು ಎಂಬುದು ನನ್ನ ಅನಿಸಿಕೆ.

ಒಡೆದ ಗುಂಪು, ತಪ್ಪಿದ ವಿಚಾರಣೆ

ರಿಜಿಸ್ಟರ್ ಹಾಜರಾಗುವ ಹಿಂದಿನ ತಿಂಗಳು ಗುತ್ತಿಗೆದಾರ ರಾಯಚೂರಿನ ಐವರಿಗೆ ಮಾತ್ರ ರಾಜಿಯ ಮಾತು ಕಳಿಸಿದ್ದ: ತಕ್ಷಣ ನಗದು, ಅರ್ಜಿಯಿಂದ ಹೆಸರು ಹಿಂದಕ್ಕೆ. ದೂರದವರು ಹೇಗೂ ಊರಿಗೆ ಹೋಗುತ್ತಾರೆ, ಕನ್ನಡ ಬಲ್ಲವರನ್ನು ಸಮಾಧಾನ ಮಾಡಿದರೆ ಸಾಕು ಎಂಬುದು ಅವನ ಎಣಿಕೆ. ಐವರಲ್ಲಿ ಮೂವರು ಬೇಡವೆಂದರು. ಉಳಿದಿಬ್ಬರು ಗಂಡ ಹೆಂಡತಿ. ಗಂಡ ನಮ್ಮ ವಿದ್ಯಾರ್ಥಿನಿಗೆ ಹೇಳಿದ ಮಾತು ಕಡತದಲ್ಲಿ ಹಾಗೇ ಇದೆ: "ಮೇಡಂ, ನಿಮ್ಮ ಕೋರ್ಟಿನ ಲೆಕ್ಕ ನಮಗ ತಿಳಿಯಂಗಿಲ್ರಿ. ಮಗಳ ಲಗ್ನ ಐತಿ. ಕೈಗೆ ಬಂದದ್ದು ತಗೊಂತೀವ್ರಿ."

ಕೇಂದ್ರದಲ್ಲಿ ಅಂದು ರಾತ್ರಿ ಒಂಬತ್ತರವರೆಗೆ ಚರ್ಚೆ ನಡೆಯಿತು. ಇಬ್ಬರು ಹೊರಗೆ ಹೋದರೆ ಉಳಿದವರ ಬಲ ಕುಗ್ಗುತ್ತದೆ, ಹಾಗಾಗಿ ಅವರಿಗೆ ಬುದ್ಧಿ ಹೇಳಬೇಕು ಎಂದು ಹಲವರು. ಆದರೆ ಆ ಇಬ್ಬರೂ ನಮ್ಮ ಕಕ್ಷಿದಾರರೇ. ಉಳಿದವರ ಹಿತಕ್ಕಾಗಿ ಅವರಿಗೆ ಸಲಹೆ ಕೊಟ್ಟರೆ ಅದು ಅವರಿಗೆ ಮಾಡುವ ದ್ರೋಹ. ಗುಂಪಿನ ಅರ್ಜಿ ಹಾಕುವಾಗಲೇ ಈ ಮಾತನ್ನು ಎಲ್ಲರ ಎದುರು ಆಡಿಕೊಂಡಿರಬೇಕಿತ್ತು, ನಾವು ಆಡಿರಲಿಲ್ಲ. ಅವರನ್ನು ಬೇರೊಬ್ಬ ಪ್ಯಾನೆಲ್ ವಕೀಲರ ಬಳಿ ಕಳಿಸಿದೆವು. ಖಾಲಿ ಹಾಳೆಗೆ ಹೆಬ್ಬೆಟ್ಟು ಒತ್ತಬೇಡಿ, ಇತರರ ಬಗ್ಗೆ ಏನನ್ನೂ ಬರೆದುಕೊಡಬೇಡಿ ಎಂದು ಆ ವಕೀಲರು ಹೇಳಿ ಕಳಿಸಿದರು. ಇಬ್ಬರಿಗೆ ಬರಬೇಕಿದ್ದ 51,300ರಲ್ಲಿ 50,000 ಸಿಕ್ಕಿತು. ತಮ್ಮ ಮಟ್ಟಿಗೆ ಅವರು ಸರಿಯಾದುದನ್ನೇ ಮಾಡಿದರು ಎಂದು ನಾನು ಇಂದಿಗೂ ನಂಬುತ್ತೇನೆ. ಈ ಇಬ್ಬರನ್ನೂ ನಮಗೆ ತಲುಪಲಾಗದ ಆ ಒಬ್ಬನನ್ನೂ ಬಿಟ್ಟರೆ ಅರ್ಜಿಯಲ್ಲಿ ಹನ್ನೊಂದು ಜನ ಉಳಿದರು.

ಮುಂದಿನ ಪೆಟ್ಟು ಪೂರ್ತಿ ನಮ್ಮದೇ. ಸೆಮಿಸ್ಟರ್ ಪರೀಕ್ಷೆಯ ವಾರ ವಿಚಾರಣೆಯ ತಾರೀಕು ಬಂತು. ಹಾಜರಾಗುತ್ತಿದ್ದ ಇಬ್ಬರಲ್ಲಿ ಒಬ್ಬಳು ಪದವಿ ಮುಗಿಸಿ ಹೋಗಿದ್ದಳು. ಇನ್ನೊಬ್ಬ ಅವಳ ಜಾಗಕ್ಕೆ ಬಂದವನು ನೋಡಿಕೊಳ್ಳುತ್ತಾನೆ ಎಂದುಕೊಂಡ. ಹೊಸಬನಿಗೆ ತಾರೀಕೇ ಗೊತ್ತಿರಲಿಲ್ಲ. ಯಾರೂ ಹೋಗಲಿಲ್ಲ, ಅರ್ಜಿ ಗೈರುಹಾಜರಿಯ ಕಾರಣಕ್ಕೆ ವಜಾ ಆಯಿತು. ಒಂದು ತಿಂಗಳೊಳಗೆ ಸಕಾರಣ ತೋರಿಸಿದರೆ ಮತ್ತೆ ತೆಗೆದುಕೊಳ್ಳಲು ನಿಯಮದಲ್ಲಿ ಅವಕಾಶವಿದ್ದುದರಿಂದ, ತಪ್ಪು ಕಾರ್ಮಿಕರದಲ್ಲ ಕೇಂದ್ರದ್ದು ಎಂದು ನನ್ನ ಹೆಸರಿನಲ್ಲೇ ಪ್ರಮಾಣಪತ್ರ ಹಾಕಿ ಅರ್ಜಿಯನ್ನು ಉಳಿಸಿಕೊಂಡೆವು. ಕಡತ ಕೈ ಬದಲಾಗುವಾಗ ಹಳಬ, ಹೊಸಬ, ಅಧ್ಯಾಪಕ ಮೂವರೂ ಸಹಿ ಹಾಕುವ ಪುಟ ಅಂದಿನಿಂದ ಶುರುವಾಯಿತು.

ರಾಜಿ

ರಿಜಿಸ್ಟರ್ ಬಂದ ಮೇಲೆ ಕಂಪನಿಯ ಧಾಟಿ ಮೆತ್ತಗಾಯಿತು. ಹನ್ನೊಂದು ಜನರ ತಿದ್ದಿದ ಬಾಕಿ 3,34,300 ರೂಪಾಯಿಯನ್ನು ಎರಡು ಕಂತುಗಳಲ್ಲಿ ಕೊಡುತ್ತೇವೆ, ಪರಿಹಾರ ಕೇಳಬಾರದು ಎಂದಿತು. ವಿದ್ಯಾರ್ಥಿಗಳಿಗೆ ಒಪ್ಪಿಗೆಯಿರಲಿಲ್ಲ. ಒಂದು ವರ್ಷ ದುಡಿದ ಪ್ರಕರಣ. ಪರಿಹಾರದೊಂದಿಗೆ ಆದೇಶವಾದರೆ ಮುಂದಿನವರಿಗೂ ದಾರಿಯಾಗುತ್ತದೆ ಎಂಬ ಅವರ ಆಸೆ ನ್ಯಾಯವಾದದ್ದೇ. ಆದರೆ ವಿಳಂಬಕ್ಕೆ ಆ ಕಾಯ್ದೆಯಡಿ ಸಿಗಬಹುದಾದ ಪರಿಹಾರಕ್ಕೆ ತಲಾ 3,000 ರೂಪಾಯಿಯ ಮಿತಿಯಿತ್ತು, ಮೇಲ್ಮನವಿ ಹೋದರೆ ಇನ್ನೆಷ್ಟು ದಿನವೋ. ಅಷ್ಟರಲ್ಲಿ ಒಡಿಶಾದವರು ಹೈದರಾಬಾದು, ಚೆನ್ನೈ ಎಂದು ಚದುರಿದ್ದರು. ಫೋನಿನಲ್ಲಿ ಎಲ್ಲರನ್ನೂ ಕೇಳಿದಾಗ ಬಂದ ಉತ್ತರ ಒಂದೇ: ನುವಾಖಾಯಿಗೆ ಮುಂಚೆ ಬೇಕು. ನಮ್ಮ ಗಣೇಶ ಚೌತಿಯ ಮರುದಿನ ಬರುವ ಅವರ ಹೊಸ ಅಕ್ಕಿಯ ಹಬ್ಬ ಅದು. ಎಲ್ಲಿದ್ದರೂ ಊರಿಗೆ ಹೋಗಿ ಹಿರಿಯರ ಕಾಲಿಗೆ ಬಿದ್ದು ಹೊಸ ಅಕ್ಕಿ ಉಣ್ಣಬೇಕು. ಹಿಂದಿನ ವರ್ಷ ಬರಿಗೈಯಲ್ಲಿ ಹೋಗಲು ನಾಚಿ ನಾಲ್ವರು ಊರಿಗೇ ಹೋಗಿರಲಿಲ್ಲ.

ರಾಜಿಗೆ ಒಪ್ಪಿದೆವು. ಒಂದು ವಿಷಯದಲ್ಲಿ ಮಾತ್ರ ವಿದ್ಯಾರ್ಥಿಗಳು ಬಗ್ಗಲಿಲ್ಲ: ರಾಜಿ ಖಾಸಗಿ ಕಾಗದವಾಗಿರದೆ ಪ್ರಾಧಿಕಾರಿಯ ಆದೇಶವಾಗಿ ದಾಖಲಾಗಬೇಕು, ಹಣ ನೇರ ಒಬ್ಬೊಬ್ಬರ ಬ್ಯಾಂಕ್ ಖಾತೆಗೆ ಹೋಗಬೇಕು. ಹಬ್ಬಕ್ಕೆ ಹನ್ನೆರಡು ದಿನ ಇರುವಾಗ ಮೊದಲ ಕಂತು 2,00,000 ಬಂತು. ಎರಡನೇ ಕಂತು ಗಡುವು ಕಳೆದು ಏಳು ವಾರವಾದರೂ ಬರಲಿಲ್ಲ. ಪ್ರಾಧಿಕಾರಿಯ ಆದೇಶದ ಹಣವನ್ನು ಮ್ಯಾಜಿಸ್ಟ್ರೇಟರು ವಿಧಿಸಿದ ದಂಡದಂತೆ ವಸೂಲು ಮಾಡಬಹುದು ಎಂಬ 15(5)ನೇ ಕಲಮನ್ನು ಹಿಡಿದು ವಸೂಲಾತಿಗೆ ಅರ್ಜಿ ಹಾಕಿದ ವಾರದಲ್ಲಿ ಉಳಿದ 1,34,300 ಜಮೆಯಾಯಿತು. ಖಾಸಗಿ ಕಾಗದವಾಗಿದ್ದರೆ ಆ ಹಣಕ್ಕೆ ಹೊಸ ದಾವೆಯೇ ಬೇಕಾಗುತ್ತಿತ್ತು.

ಈಗ ಇಂಥ ಪ್ರಕರಣ ಬಂದರೆ

2025ರ ನವೆಂಬರ್ 21ರಿಂದ ವೇತನ ಸಂಹಿತೆ, 2019 ಜಾರಿಗೆ ಬಂದು 1936ರ ವೇತನ ಪಾವತಿ ಕಾಯ್ದೆ ಮತ್ತು 1948ರ ಕನಿಷ್ಠ ವೇತನ ಕಾಯ್ದೆಗಳ ಜಾಗ ಹಿಡಿದಿದೆ. ಅರ್ಜಿ ಹಾಕುವ ಗಡುವು ಮೂರು ವರ್ಷಕ್ಕೆ ಏರಿದೆ. ಊರೂರು ಅಲೆಯುವವರಿಗೆ ಇದು ದೊಡ್ಡ ಅನುಕೂಲ. ಗುಂಪಿಗೆ ಒಂದೇ ಅರ್ಜಿಯ ಸೌಲಭ್ಯವೂ ಉಳಿದಿದೆ. ಆದರೆ 45ನೇ ಕಲಮಿನಲ್ಲಿ ಅರ್ಜಿ ಹಾಕಬಹುದಾದವರು ಉದ್ಯೋಗಿ, ಆತ ಸದಸ್ಯನಾಗಿರುವ ನೋಂದಾಯಿತ ಕಾರ್ಮಿಕ ಸಂಘ, ಇನ್‌ಸ್ಪೆಕ್ಟರ್-ಕಂ-ಫೆಸಿಲಿಟೇಟರ್ (ಹಿಂದಿನ ನಿರೀಕ್ಷಕರ ಹೊಸ ಹೆಸರು), ಈ ಮೂವರೇ. ನಮ್ಮ ವಿದ್ಯಾರ್ಥಿಗಳು ಒಳಗೆ ಹೋದ 'ಬೇರೆ ಯಾವುದೇ ವ್ಯಕ್ತಿ' ಎಂಬ ಬಾಗಿಲು ಅಲ್ಲಿ ಕಾಣುವುದಿಲ್ಲ. ಹಾಗಾಗಿ ಮೊದಲ ಭೇಟಿಯಲ್ಲೇ ಕಾರ್ಮಿಕರನ್ನು ಒಂದು ಸಂಘದ ಸದಸ್ಯರನ್ನಾಗಿ ಮಾಡಿಸಿ, ಕೇಂದ್ರ ಆ ಸಂಘದ ಬೆನ್ನಿಗೆ ನಿಂತು ಲೆಕ್ಕ, ದಾಖಲೆ, ಕರಡುಗಳ ಕೆಲಸ ಮಾಡುವುದು ಸದ್ಯಕ್ಕೆ ನನಗೆ ಕಾಣುವ ದಾರಿ. ಸಂಘಗಳವರಿಗೆ ವಿದ್ಯಾರ್ಥಿಗಳ ಮೇಲೆ ನಂಬಿಕೆ ಬರಲು ಒಂದೆರಡು ವರ್ಷ ಹಿಡಿಯುತ್ತದೆ. ಈಗಲೇ ಶುರು ಮಾಡಬೇಕು.

ಹದಿನಾಲ್ಕನೆಯವನ ಪುಟ ಇನ್ನೂ ತೆರೆದೇ ಇದೆ. ನೋಟುಪುಸ್ತಕದ ನಕಲಿನಲ್ಲಿ ಅವನ ಅರವತ್ತೆಂಟು ಗುರುತುಗಳಿವೆ, ಅದರಲ್ಲಿ ಐದು ವೃತ್ತದವು. ನಮ್ಮ ಲೆಕ್ಕಕ್ಕೆ 24,850 ರೂಪಾಯಿ. ಉಳಿದವರಲ್ಲಿ ಯಾರೇ ಫೋನ್ ಮಾಡಿದರೂ ವಿದ್ಯಾರ್ಥಿಗಳು ಅವನ ಬಗ್ಗೆ ಕೇಳುತ್ತಾರೆ.